ಬಾಕಿ ವಸೂಲಿಯ ಕಾನೂನು ಮತ್ತು ಪ್ರಾಧ್ಯಾಪಕ ಎನ್. ಎಲ್. ಮಿತ್ರ

ಉದ್ದರಿಯ ಮೇಲೆ ಸರಕು ಕಳುಹಿಸುವವನಿಗೆ ಖರೀದಿದಾರನ ದಿವಾಳಿತನಕ್ಕಿಂತ ದೊಡ್ಡ ಆತಂಕ ಮತ್ತೊಂದಿಲ್ಲ. ದೇಶಕ್ಕೆ ಒಂದೇ ಸಮಗ್ರ ದಿವಾಳಿ ಸಂಹಿತೆ ಬೇಕೆಂದು ಪ್ರತಿಪಾದಿಸಿದವರಲ್ಲಿ ವಾಣಿಜ್ಯ ಕಾನೂನಿನ ವಿದ್ವಾಂಸರಾದ ಎನ್. ಎಲ್. ಮಿತ್ರ ಅವರ ಹೆಸರು ಮುಖ್ಯವಾದುದು.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಕರ್ನಾಟಕದ 1986ರ ಅಧಿನಿಯಮದಿಂದ ರೂಪುಗೊಂಡಿತು. ಸ್ಥಾಪಕ ನಿರ್ದೇಶಕರಾದ ಎನ್. ಆರ್. ಮಾಧವ ಮೆನನ್ ಅವರ ನಂತರ, 1998ರಲ್ಲಿ ಮಿತ್ರ ಅವರು ಆ ಸ್ಥಾನಕ್ಕೆ ಬಂದರು. ಮುಂದೆ ಜೋಧಪುರದ ಕಾನೂನು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. ರಿಸರ್ವ್ ಬ್ಯಾಂಕಿನ ಆಶ್ರಯದಲ್ಲಿ ಅವರ ಅಧ್ಯಕ್ಷತೆಯ ಸಲಹಾ ಮಂಡಳಿಯು ದಿವಾಳಿ ಕಾನೂನುಗಳನ್ನು ಕುರಿತು 2001ರಲ್ಲಿ ವರದಿ ನೀಡಿತು.

ಆಗ ವ್ಯಕ್ತಿಗಳಿಗೆ 1909 ಹಾಗೂ 1920ರ ಕಾಯಿದೆಗಳು, ಕಂಪನಿಗಳ ಸಮಾಪನೆಗೆ ಉಚ್ಚ ನ್ಯಾಯಾಲಯ, ರುಗ್ಣ ಉದ್ದಿಮೆಗಳಿಗೆ ಬಿ.ಐ.ಎಫ್.ಆರ್. ಎಂದು ದಾರಿಗಳು ಹಂಚಿಹೋಗಿದ್ದವು. ಇವೆಲ್ಲವನ್ನೂ ಒಂದೇ ಸಂಹಿತೆಯಡಿ ತರಬೇಕೆಂಬುದು ವರದಿಯ ತಿರುಳು. ಅಂತಹ ಸಂಹಿತೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು ಹದಿನೈದು ವರ್ಷಗಳ ನಂತರ, 2016ರಲ್ಲಿ.

ನಮ್ಮ ಉದ್ದಿಮೆದಾರರಿಗೆ ಇದರಿಂದ ಎಷ್ಟು ಪ್ರಯೋಜನ? ಭದ್ರಾವತಿಯ ವರ್ಕ್‌ಶಾಪು ಅಥವಾ ಮಾಚೇನಹಳ್ಳಿಯ ಫೌಂಡ್ರಿಗೆ ಒಂದು ಕಂಪನಿಯಿಂದ 40 ಲಕ್ಷ ರೂಪಾಯಿ ಬರಬೇಕಿದೆ ಎಂದುಕೊಳ್ಳೋಣ. ಅರ್ಜಿಗೆ ಬೇಕಾದ ಕನಿಷ್ಠ ಬಾಕಿಯನ್ನು 2020ರ ಮಾರ್ಚ್ 24ರಂದು ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಿದ್ದರಿಂದ, ಈ ಬಾಕಿಯೊಂದನ್ನೇ ಹಿಡಿದು ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲು ತಟ್ಟಲು ಬಾರದು. ಬಾಕಿ ಕೋಟಿ ದಾಟಿದ್ದರೂ, ಬೇಡಿಕೆ ನೋಟೀಸಿಗೆ ಮೊದಲೇ ಸರಕಿನ ಗುಣಮಟ್ಟದ ಬಗ್ಗೆ ನೈಜ ತಕರಾರು ಇದ್ದಲ್ಲಿ ಅರ್ಜಿ ನಿಲ್ಲದು. ಕಂಪನಿ ಸಮಾಪನೆಗೊಂಡರೆ, ಭದ್ರತೆ ಪಡೆದ ಬ್ಯಾಂಕುಗಳಿಗೂ ಕಾರ್ಮಿಕರಿಗೂ ಸಂದ ನಂತರವೇ ಸರಬರಾಜುದಾರನ ಸರದಿ.

ಆದುದರಿಂದ ಮುನ್ನೆಚ್ಚರಿಕೆಯೇ ಮೊದಲ ರಕ್ಷಣೆ. ಸದಸ್ಯರು ಗಮನಿಸಬೇಕಾದ ಅಂಶಗಳು:

1. ಅತಿ ಸಣ್ಣ ಮತ್ತು ಸಣ್ಣ ತಯಾರಕರು ಸರಬರಾಜಿಗೆ ಮುನ್ನವೇ 'ಉದ್ಯಮ್' ನೋಂದಣಿ ಮಾಡಿಸುವುದು ಕ್ಷೇಮ. 2006ರ ಕಾಯಿದೆಯಂತೆ ಕರಾರಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ; ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಉಂಟು.

2. ಕೇವಲ ವ್ಯಾಪಾರ ಮಾಡುವವರಿಗೆ ಈ ಸೌಲಭ್ಯವಿಲ್ಲ. 2021ರಲ್ಲಿ ದೊರೆತ ನೋಂದಣಿ ಆದ್ಯತಾ ಸಾಲಕ್ಕೆ ಮಾತ್ರ ಸೀಮಿತ. ಅವರು ಮೂರು ವರ್ಷದ ಕಾಲಮಿತಿ ಮುಗಿಯುವ ಮೊದಲೇ ಖರೀದಿದಾರನ ಸಹಿಯುಳ್ಳ ಬಾಕಿ ದೃಢೀಕರಣ ಪತ್ರ ಪಡೆಯಬೇಕು.

3. ಆದೇಶ ಪತ್ರ, ಸರಕು ಸ್ವೀಕೃತಿ, ತಕರಾರಿನ ಪತ್ರಕ್ಕೆ ಲಿಖಿತ ಉತ್ತರ, ಈ ಮೂರೂ ಕಡತದಲ್ಲಿರಲಿ.

ವಿದ್ವಾಂಸರ ವರದಿಯೊಂದು ಶಾಸನವಾಗಲು ಹದಿನೈದು ವರ್ಷ ಬೇಕಾಯಿತು. ಕಡತ ಸರಿಪಡಿಸಿಕೊಳ್ಳಲು ವರ್ತಕನಿಗೆ ಕಾಲಮಿತಿ ಕೊಡುವುದು ಮೂರೇ ವರ್ಷ.