ಹಸ್ತಪ್ರತಿ ಕೊಂಡವರಿಗೆ ಅಚ್ಚು ಹಾಕುವ ಹಕ್ಕೂ ಇದೆಯೇ?

ಪ್ರಶ್ನೆ: ತೀರಿಕೊಂಡ ಲೇಖಕರ ಹಸ್ತಪ್ರತಿ ಯಾರ ಸ್ವತ್ತು?

ಉತ್ತರ: ಕಾಗದದ ಒಡೆತನ ಬೇರೆ, ಪ್ರಕಟಿಸುವ ಹಕ್ಕು ಬೇರೆ. ಮಾಲ್ಕಮ್ ಎಕ್ಸ್ ಆತ್ಮಕಥೆಯ ಹಸ್ತಪ್ರತಿಯನ್ನು 1992ರ ಹರಾಜಿನಲ್ಲಿ ಡೆಟ್ರಾಯಿಟ್‌ನ ವಕೀಲ ಗ್ರೆಗರಿ ರೀಡ್ ಕೊಂಡರು. ಕೃತಿಸ್ವಾಮ್ಯ ಅದರೊಂದಿಗೆ ಬರಲಿಲ್ಲ.

ಷಿಕಾಗೋದ ಹೆನ್ರಿ ಡಾರ್ಗರ್ ಕಥೆ ಇನ್ನೂ ಕರುಳು ಹಿಂಡುತ್ತದೆ. ಆಸ್ಪತ್ರೆಯಲ್ಲಿ ಕಸ ಗುಡಿಸುತ್ತ, ಯಾರಿಗೂ ತೋರಿಸದೆ 15,000ಕ್ಕೂ ಹೆಚ್ಚು ಪುಟಗಳ ಕಾದಂಬರಿ ಬರೆದವರು. ಉಯಿಲು ಬರೆಯದೆ 1973ರಲ್ಲಿ ತೀರಿಕೊಂಡರು. ಬಾಡಿಗೆ ಕೋಣೆಯಲ್ಲಿದ್ದುದೆಲ್ಲ ಮನೆಮಾಲೀಕರ ಕೈಸೇರಿತು. ಅವರು ಕಾಪಾಡದಿದ್ದರೆ ಎಲ್ಲವೂ ಕಸಕ್ಕೆ ಹೋಗುತ್ತಿತ್ತು, ನಿಜ. ಆದರೆ ಕಾಪಾಡಿದ ಮಾತ್ರಕ್ಕೆ ಕೃತಿಸ್ವಾಮ್ಯ ದಕ್ಕದು ಎಂದು ದೂರದ ಸಂಬಂಧಿಕರು 2022ರಲ್ಲಿ ಕೋರ್ಟಿಗೆ ಹೋದರು. ಅವರ ವಾದದಲ್ಲಿ ಹುರುಳಿದೆ.

ಎಲ್ಲರ ಬರಹಗಳಿಗೂ ಈ ಗತಿ ಬರುವುದಿಲ್ಲ. ನಮ್ಮ ಕವಿ ಎ.ಕೆ. ರಾಮಾನುಜನ್ 1993ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿವೆ.