ಮರಾಠಿ ಕಾಗದ, ಕನ್ನಡ ಆರೋಪಿ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ ಅಂತ ತಿಳೀರಿ. ಮನೆಮಾತು ಕನ್ನಡ. ಮಗನ ಮ್ಯಾಲ ಪೋಕ್ಸೊ ಕೇಸು, ಅಂದ್ರ ಮಕ್ಕಳ ಮ್ಯಾಲಿನ ಲೈಂಗಿಕ ಅಪರಾಧದ ಕೇಸು. ಪೊಲೀಸರು ಕೊಟ್ಟ ಕಾಗದ ಮರಾಠಿಯೊಳಗ. ಊರವರು ಕೇಳ್ತಾರ: "ಇಂಥವನಿಗೆ ವಕೀಲ ಯಾಕ?"

ಬೇಕು. ಬಂಧನಕ್ಕೊಳಗಾದ ಯಾರಿಗೇ ಆಗಲಿ, ಸಂವಿಧಾನದ 22ನೇ ವಿಧಿ ಆ ಹಕ್ಕು ಕೊಟ್ಟದ. ಆರೋಪಿ ಪರ ಯಾರೂ ನಿಲ್ಲಬಾರದು ಅಂತ ವಕೀಲರ ಸಂಘ ಠರಾವು ಮಾಡಿದರೂ ನಡೆಯಂಗಿಲ್ಲ. 2010ರಾಗ ಸುಪ್ರೀಂ ಕೋರ್ಟ್ ಹಂಗ ಹೇಳ್ಯದ.

ಪೋಕ್ಸೊದಾಗ ವಕೀಲರ ಕೆಲಸ ಇನ್ನೂ ದೊಡ್ಡದು. ಮೂಲ ಸಂಗತಿಗಳನ್ನ ಸರಕಾರ ಸಾಬೀತು ಮಾಡಿತು ಅಂದ್ರ, 29ನೇ ಕಲಮಿನ ಪ್ರಕಾರ ತಪ್ಪು ಮಾಡಿಲ್ಲ ಅಂತ ತೋರಿಸೋ ಭಾರ ಆರೋಪಿ ಮ್ಯಾಲ ಬೀಳ್ತದ. ಹಂಗಂತ ಮಗುವಿಗೆ ವಕೀಲರು ನೇರ ಪ್ರಶ್ನೆ ಕೇಳಂಗಿಲ್ಲ. ನ್ಯಾಯಾಧೀಶರ ಮೂಲಕವೇ ಕೇಳಬೇಕು. ಆ ಕಟ್ಟುನಿಟ್ಟು ಇರಲೇಬೇಕು.

ಇನ್ನ ಭಾಷೆ. ಬಂಧನದ ಕಾರಣವನ್ನ ಆರೋಪಿಗೆ ತಿಳಿಯೋ ಭಾಷೆಯೊಳಗ ಬರದು ಕೊಡಬೇಕು. ಇದು 2025ರ ನವೆಂಬರದಾಗ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಅದೂ ಮಹಾರಾಷ್ಟ್ರದ್ದೇ ಕೇಸಿನೊಳಗ. ಕನ್ನಡದಾಗ ಕೊಡ್ರಿ ಅಂತ ಕೇಳ್ರಿ, ಅಂಜಬ್ಯಾಡ್ರಿ.

ರೊಕ್ಕ ಇಲ್ಲೇನು? ಸೊಲ್ಲಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಕಸ್ಟಡಿಯೊಳಗ ಇದ್ದವರಿಗೆ ವಕೀಲರು ಪುಕ್ಕಟೆ. ಕಾನೂನು ನೆರವಿನ ಸಹಾಯವಾಣಿ ನಂಬರ್ 15100.