ಗಡಿಗೆರೆಯ ಎರಡೂ ಬದಿಯ ಕಾದಂಬರಿಕಾರ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾಯಿತು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆ ಅಂದೇ ಒಡೆಯಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಕಾದಂಬರಿಕಾರ ಕುಂ. ವೀರಭದ್ರಪ್ಪನವರ ಜನ್ಮದಿನವೂ ಅದೇ. ಊರು, ಆಗ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಕೊಟ್ಟೂರು.

ಓದುಗರಿಗೆ ಅವರು 'ಕುಂವೀ'. 'ಕುಂ' ಎಂದರೆ ಕುಂಬಾರ. ಕುಲಕಸುಬಿನ ಹೆಸರನ್ನು ಮರೆಮಾಚದೆ ಕಾವ್ಯನಾಮವಾಗಿಸಿಕೊಂಡವರು ಅವರು. ಆತ್ಮಕಥೆಗೆ ಇಟ್ಟ ಹೆಸರು 'ಗಾಂಧಿ ಕ್ಲಾಸು'. ಮೂರನೇ ದರ್ಜೆಯಲ್ಲಿ ಪಾಸಾದವರನ್ನು ನಮ್ಮ ಜನ ಹಾಗೆಯೇ ಛೇಡಿಸುತ್ತಿದ್ದರಲ್ಲವೇ?

ಈ ಸೀಮೆಯಲ್ಲಿ ಸಾಹಿತ್ಯದ ಗೀಳು ಹೊಸದಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರನ್ನು ಕನ್ನಡದತ್ತ ಸೆಳೆದದ್ದು ಅ.ನ.ಕೃ. ಅವರ 'ಸಂಧ್ಯಾರಾಗ'. ಒಂದು ಪುಸ್ತಕದ ಓದು ಒಬ್ಬ ಲೇಖಕನನ್ನೇ ಕೊಟ್ಟಿತು. ಅಕ್ಷರ ಬಾರದವರಿಗೂ ಇಲ್ಲಿ ಕಥೆಗೆ ಬರವಿರಲಿಲ್ಲ, ಬಯಲಾಟ, ತೊಗಲುಗೊಂಬೆಯಾಟಗಳಿದ್ದವು. ಕುಂವೀ ಗದ್ಯದಲ್ಲಿ ಕಾಣುವುದು ಹೀಗೆ ಕಿವಿಗೆ ಬಿದ್ದ ಕಥೆಯ ಓಘ.

ಅವರಿಗೆ ಮೇಷ್ಟರ ಕೆಲಸ ಸಿಕ್ಕಿದ್ದು ಮಾತ್ರ ಗೆರೆಯಾಚೆ, ಆಂಧ್ರದ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ. ಸರ್ಕಾರ ಬೇರೆಯಾದರೂ ಅಲ್ಲಿನ ಮಕ್ಕಳ ಮನೆಮಾತು ಕನ್ನಡವೇ. ದಶಕಗಳ ಕಾಲ ಪಾಠ ಹೇಳುತ್ತ ಅವರು ರಾಯಲಸೀಮೆಯ ಜಮೀನ್ದಾರಿಕೆ, ಜಾತಿ, ಹಗೆತನಗಳನ್ನು ಹತ್ತಿರದಿಂದ ಕಂಡರು. ತೆಲುಗು ಓದಿ, ಅಲ್ಲಿನ ಕಥೆಗಳನ್ನು ಕನ್ನಡಕ್ಕೂ ತಂದರು. ಬರೆದದ್ದು ಶಿಷ್ಟ ಕನ್ನಡವಲ್ಲ. ತೆಲುಗು ಬೆರೆತ ಬಳ್ಳಾರಿ ಸೀಮೆಯ ಆಡುಮಾತು.

'ಬೇಲಿ ಮತ್ತು ಹೊಲ' 1987ರಲ್ಲಿ 'ಮನ ಮೆಚ್ಚಿದ ಹುಡುಗಿ' ಚಿತ್ರವಾಯಿತು. ಗಿರೀಶ ಕಾಸರವಳ್ಳಿಯವರ 'ಕೂರ್ಮಾವತಾರ'ಕ್ಕೂ ಅವರದೇ ಕಥೆ. 'ಅರಮನೆ'ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಂ.ಎಂ. ಕಲಬುರ್ಗಿಯವರ ಹತ್ಯೆಯ ನಂತರ, 2015ರಲ್ಲಿ, ಆ ಪ್ರಶಸ್ತಿಯನ್ನು ಅವರು ಹಿಂದಿರುಗಿಸಿದರು. ಬರಹಗಾರನ ಜೀವಕ್ಕೇ ಕುತ್ತು ಬಂದಾಗ ಬಿರುದು ಅವರಿಗೆ ದೊಡ್ಡದೆನಿಸಲಿಲ್ಲ.

2021ರಲ್ಲಿ ಗಡಿಗಳು ಮತ್ತೆ ಬದಲಾದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆಯ ಹೆಸರು ಸರ್ಕಾರಿ ಆದೇಶದಿಂದ ಬದಲಾಗುತ್ತದೆ, ಜನರ ಮಾತು ಬದಲಾಗುವುದಿಲ್ಲ. ಆದರೆ ಗಡಿಯಾಚೆಯ ಕನ್ನಡ ಶಾಲೆಗಳು ಮುಚ್ಚಿದರೆ ಆ ಮಾತನ್ನು ಓದುವವರು ಯಾರು, ಬರೆಯುವವರು ಯಾರು? ಕುಂವೀ ಪುಸ್ತಕಗಳನ್ನು ಓದಿ ಮುಗಿಸಿದಾಗ ಈ ಪ್ರಶ್ನೆ ಉಳಿಯುತ್ತದೆ.